ಹಾಡು ಬರೆದವರಿಗೂ ಒಂದು ಹೆಸರಿದೆ

ಜಾತ್ರೆಯ ರಾತ್ರಿ ಆರ್ಕೆಸ್ಟ್ರಾ ಇದ್ದರೆ ಕನ್ನಡ ಹಾಡುಗಳ ನಡುವೆ ಒಂದಾದರೂ ಹಳೇ ಹಿಂದಿ ಹಾಡು ಬರಲೇಬೇಕು. ‘ಆಶಿಕಿ’ ಚಿತ್ರದ ‘ಧೀರೆ ಧೀರೆ ಸೆ’ ಶುರುವಾಯಿತೆಂದರೆ ಹಿಂದೆ ಟ್ರ್ಯಾಕ್ಟರ್ ಮೇಲೆ ಕೂತವರೂ ದನಿಗೂಡಿಸುತ್ತಾರೆ. ಹಿಂದಿ ಬಾರದವರಿಗೂ ಪಲ್ಲವಿ ಬಾಯಿಪಾಠ.

ಈ ಹಾಡು ಬರೆದವರು ಯಾರು ಅಂತ ನಾವು ಸುತ್ತಲಿನವರನ್ನು ಕೇಳಿದೆವು. ವಯಸ್ಸಾದವರು ಕುಮಾರ್ ಸಾನು ಅಂದರು. ಕಾಲೇಜು ಹುಡುಗರು ಹನಿ ಸಿಂಗ್ ಅಂದರು. ಒಬ್ಬರಂತೂ ನಮಗೇ ತಿರುಗಿ ಕೇಳಿದರು: “ಬರದಾವ್ರು ಯಾರಾದ್ರ ಏನ್ರಿ? ಹಾಡ ಚಲೋ ಐತಿಲ್ಲ, ಮುಗೀತು.”

ನಮ್ಮ ತಕರಾರು ಇರುವುದೇ ಈ ಮಾತಿನ ಮೇಲೆ. ಮುಗಿಯಲಿಲ್ಲ.

ಕುಮಾರ್ ಸಾನು ಅದನ್ನು ಅನುರಾಧಾ ಪೌಡ್ವಾಲ್ ಜೊತೆ ಹಾಡಿದವರು. ಹನಿ ಸಿಂಗ್ 2015ರಲ್ಲಿ ಅದಕ್ಕೆ ಹೊಸ ಬಟ್ಟೆ ತೊಡಿಸಿದವರು. ಮೂಲ ಹಾಡನ್ನು ಬರೆದದ್ದು ರಾಣಿ ಮಲಿಕ್ ಎಂಬ ಹೆಣ್ಣುಮಗಳು. ಹಿಂದಿ ಚಿತ್ರಗಳಿಗೆ ಹಾಡು ಬರೆದ ಹೆಂಗಸರೇ ಕಡಿಮೆ. ಅಂಥವರಲ್ಲಿ ಒಬ್ಬರು ಬರೆದ ಸಾಲು ನಮ್ಮ ಹಳ್ಳಿ ತನಕ ಬಂತು, ಅವರ ಹೆಸರು ಮಾತ್ರ ಬರಲಿಲ್ಲ.

‘ಆಶಿಕಿ’ 1990ರ ಚಿತ್ರ. ನಿರ್ದೇಶಕರು ಮಹೇಶ್ ಭಟ್. ನಾಯಕ ರಾಹುಲ್ ರಾಯ್, ನಾಯಕಿ ಅನು ಅಗರ್ವಾಲ್, ಇಬ್ಬರೂ ಹೊಸಬರು. ಅವರ ಮುಖ ನೋಡಿ ಟಿಕೆಟ್ ಕೊಂಡವರು ಯಾರೂ ಇರಲಿಕ್ಕಿಲ್ಲ. ಪೋಸ್ಟರಿನಲ್ಲಂತೂ ಮುಖವೇ ಇಲ್ಲ, ಒಂದು ಕೋಟಿನ ಮರೆಯಲ್ಲಿ ಇಬ್ಬರು ನಿಂತಿದ್ದಾರೆ ಅಷ್ಟೇ. ಜನರನ್ನು ಥಿಯೇಟರಿಗೆ ಎಳೆದದ್ದು ನದೀಮ್-ಶ್ರವಣ್ ಸಂಗೀತದ ಕ್ಯಾಸೆಟ್. ಆ ವರ್ಷದ ಫಿಲ್ಮ್‌ಫೇರ್‌ನಲ್ಲಿ ಚಿತ್ರಕ್ಕೆ ಬಂದ ನಾಲ್ಕು ಪ್ರಶಸ್ತಿಗಳೂ ಹಾಡಿನವು: ಸಂಗೀತ, ಸಾಹಿತ್ಯ, ಗಾಯಕ, ಗಾಯಕಿ. ಸಾಹಿತ್ಯದ ಪ್ರಶಸ್ತಿ ಅದೇ ಚಿತ್ರದ ಬೇರೊಂದು ಹಾಡಿಗಾಗಿ ಸಮೀರ್ ಅವರಿಗೆ ಬಂತು. ಅಂದರೆ ಈ ಚಿತ್ರ ಬದುಕಿದ್ದೇ ಹಾಡಿನಿಂದ.

ಕ್ಯಾಸೆಟ್ ಕಾಲದಲ್ಲಿ ಒಳಗಿನ ಕಾಗದದ ಮೇಲೆ ಸಣ್ಣ ಅಕ್ಷರದಲ್ಲಾದರೂ ಬರೆದವರ ಹೆಸರು ಇರುತ್ತಿತ್ತು. ಆಕಾಶವಾಣಿಯಲ್ಲಿ ಹಾಡಿಗೆ ಮೊದಲು ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಅಂತ ಹೇಳುತ್ತಿದ್ದರು. ಈಗ ಸ್ಟೇಟಸ್‌ಗೆ ಹಾಕುವ ಮೂವತ್ತು ಸೆಕೆಂಡಿನಲ್ಲಿ ನಾಯಕನ ಮುಖ ಇದೆ, ಗುಲಾಬಿ ಹೂವಿದೆ, ಹಾಕಿದವನ ಹೆಸರೂ ಇದೆ. ಬರೆದವರ ಹೆಸರಿಗೆ ಜಾಗ ಇಲ್ಲ.

ಇದು ನಮ್ಮ ನೆಲದ ಪದ್ಧತಿ ಅಲ್ಲ. ವಚನಕ್ಕೆ ಅಂಕಿತ ಇದೆ. ಶರೀಫಜ್ಜನ ಪದದ ಕೊನೆಗೆ ಶಿಶುನಾಳ ಬಂದೇ ಬರುತ್ತದೆ. ಲಾವಣಿಯ ಕಡೇ ನುಡಿಯಲ್ಲಿ ಕವಿ ತನ್ನ ಊರನ್ನೂ ಗುರುವನ್ನೂ ನೆನೆಯುತ್ತಾನೆ. ಓದು ಬಾರದ ನಮ್ಮ ಅಜ್ಜಿಯರೂ ಅಂಕಿತ ಕೇಳಿ ಇದು ಇಂಥವರ ಪದ ಅಂತ ಹೇಳುತ್ತಿದ್ದರು. ಹೆಸರು ಹೇಳುವುದು ಹಾಡಿನ ಭಾಗವೇ ಆಗಿತ್ತು.

“ಬೀಸುಕಲ್ಲಿನ ಪದಕ್ಕೆ ಹೆಸರೆಲ್ಲಿದೆ?” ಅಂತ ಕೇಳಬಹುದು. ಸರಿ. ಆದರೆ ಬೀಸುಕಲ್ಲಿನ ಪದಕ್ಕೆ ಮಾಲೀಕನೂ ಇಲ್ಲ, ಅದು ಎಲ್ಲರದ್ದು. ಸಿನಿಮಾ ಹಾಡಿಗೆ ಮಾಲೀಕ ಇದ್ದಾನೆ, ಲೆಕ್ಕ ಇದೆ, ಜಾಹೀರಾತಿನ ದುಡ್ಡು ಇದೆ. ದುಡ್ಡು ಎಣಿಸುವಾಗ ಹಾಡು ಒಬ್ಬರದ್ದು, ಹೆಸರು ಕೇಳಿದಾಗ ಯಾರದ್ದೂ ಅಲ್ಲ ಅಂದರೆ ಅದು ಜಾನಪದ ಅಲ್ಲ, ಮೋಸ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಪ್ರಕಾರ, ಹಕ್ಕು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಬರೆದವರಿಗೆ ಉಳಿಯುತ್ತದೆ. ಹೊಲ ಮಾರಬಹುದು, ಅಪ್ಪನ ಹೆಸರು ಮಾರಲಾಗದು, ಹಾಗೆ. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಸಿನಿಮಾ ಹಾಡು ಥಿಯೇಟರಿನ ಹೊರಗೆ ಬಳಕೆಯಾದಾಗ ಬರುವ ರಾಯಧನದಲ್ಲಿ ಬರೆದವರಿಗೂ ಸಂಗೀತ ಕೊಟ್ಟವರಿಗೂ ಪಾಲು ಇರಬೇಕು ಎಂದಿತು. ‘ಆಶಿಕಿ’ ಬಂದು ಆಗಲೇ 22 ವರ್ಷ ಆಗಿತ್ತು.

ಇದನ್ನು ಓದಿ ಮದುವೆ ಮನೆಯವರು ಹೆದರಬೇಕಿಲ್ಲ. ಮದುವೆ ಮೆರವಣಿಗೆ, ಮದುವೆಯ ಸಂಭ್ರಮದಲ್ಲಿ ಹಾಡು ನುಡಿಸುವುದಕ್ಕೆ ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ನಾವು ನಿಮ್ಮಿಂದ ಕೇಳುತ್ತಿರುವುದು ದುಡ್ಡಲ್ಲ, ಒಂದು ಹೆಸರು.

ಮುಂಬೈಯವರ ಹೆಸರು ಕಟ್ಟಿಕೊಂಡು ನಮಗೇನು ಅನ್ನುವವರಿಗೆ ಒಂದು ಮಾತು. ಇವತ್ತು ನಮ್ಮ ಊರುಗಳಲ್ಲೇ ಹಾಡು ಬರೆಯುವ ಹುಡುಗರು ಇದ್ದಾರೆ. ಕಬ್ಬಿನ ಗಾಡಿ, ಓಡಿಹೋದ ಪ್ರೀತಿ, ಬಾರದ ಮಳೆ ಎಲ್ಲದರ ಮೇಲೂ ಬರೆಯುತ್ತಾರೆ. ನಮ್ಮ ಪಕ್ಕದ ಊರಿನ ಒಬ್ಬ ಹುಡುಗ ಬರೆದ ಪದ ಒಂದು ಚಾನೆಲ್‌ನಲ್ಲಿ ಬಂತು. ಹಾಡಿದವರ ಫೋಟೋ ಇತ್ತು, ಚಾನೆಲ್‌ನ ಮುದ್ರೆ ಇತ್ತು, ಅವನ ಹೆಸರಿರಲಿಲ್ಲ. ಅವನು ತನ್ನ ಓಣಿಯಲ್ಲೇ ಅದು ನಾನು ಬರೆದದ್ದು ಅಂದರೆ ಜನ ನಕ್ಕರು. ಆಮೇಲೆ ಅವನು ಹೇಳುವುದನ್ನೇ ಬಿಟ್ಟ. ರಾಣಿ ಮಲಿಕ್ ಹೆಸರು ಕೇಳದ ನಾವು ಇವನ ಹೆಸರು ಕೇಳುತ್ತೇವೆಯೇ?

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹೋದ ವರ್ಷ ಜಾತ್ರೆ ಆರ್ಕೆಸ್ಟ್ರಾ ಬಗ್ಗೆ ಬರೆದಾಗ ಹಾಡಿದವರು, ಕೀಬೋರ್ಡ್ ನುಡಿಸಿದವರು, ಖರ್ಚು ಕೊಟ್ಟ ಗೌಡರು ಎಲ್ಲರ ಹೆಸರೂ ಹಾಕಿದ್ದೆವು. ಒಂದು ಹಾಡಿಗೂ ಬರೆದವರ ಹೆಸರು ಹಾಕಿರಲಿಲ್ಲ. ಪತ್ರಿಕೋದ್ಯಮ ಓದಿದವರೇ ಕೇಳಲಿಲ್ಲ ಅಂದಮೇಲೆ ಬೇರೆಯವರಿಗೆ ಏನು ಹೇಳೋಣ? ಇನ್ನು ಮುಂದೆ ಇಲ್ಲಿ ಹಾಡಿನ ಮಾತು ಬಂದರೆ ಬರೆದವರ ಹೆಸರು ಇರುತ್ತದೆ. ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯುತ್ತೇವೆ.

ನೀವೂ ಮುಂದಿನ ಸಲ ಸ್ಟೇಟಸ್ ಹಾಕುವಾಗ ಹೃದಯದ ಚಿಹ್ನೆ ಪಕ್ಕ ‘ಸಾಹಿತ್ಯ: ಇಂಥವರು’ ಅಂತ ಒಂದು ಸಾಲು ಸೇರಿಸಿ. ಹುಡುಕಲು ಎರಡು ನಿಮಿಷ ಬೇಕಾದೀತು. ಆರ್ಕೆಸ್ಟ್ರಾದವರು ಮೈಕಿನಲ್ಲಿ ಒಂದು ಸಲ ಹೇಳಲಿ. ಆ ಪೋಸ್ಟರಿನ ಕೋಟಿನ ಮರೆಯಲ್ಲಿದ್ದ ನಾಯಕ-ನಾಯಕಿ ಆಗಲೇ ಹೊರಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಹಾಡು ಬರೆದವರು ಇನ್ನೂ ಒಳಗೇ ಇದ್ದಾರೆ.