‘ಮುನ್ನ’ ಎಂಬ ಎಚ್ಚರ

ಮುಪ್ಪು ದೇಹವನ್ನು ಕುಗ್ಗಿಸುವ, ಬಾಳು ಪರರ ಆಸರೆಗೆ ಬೀಳುವ, ಸಾವು ಸಮೀಪಿಸುವ ಮೊದಲೇ ಕೂಡಲಸಂಗಮದೇವನನ್ನು ಪೂಜಿಸಬೇಕೆಂದು ವಿಶ್ವಗುರು ಬಸವಣ್ಣನವರು ಪ್ರಸಿದ್ಧ ವಚನವೊಂದರಲ್ಲಿ ಎಚ್ಚರಿಸಿದ್ದಾರೆ. ಆ ವಚನದ ತಿರುಳು ‘ಮುನ್ನ’ ಎಂಬ ಪದದಲ್ಲಿ ಅಡಗಿದೆ. ಅದು ಭಯ ಹುಟ್ಟಿಸುವ ಮಾತಲ್ಲ. ಅರಿವು ತಿಳಿಯಾಗಿರುವಾಗಲೇ ಮಾಡಬೇಕಾದುದನ್ನು ಮಾಡಿ ಮುಗಿಸಿರೆಂಬ ಕರುಣೆಯ ಮಾತು.

ಡಯಾಲಿಸಿಸ್ ಪಡೆಯುತ್ತಿರುವ ಭಕ್ತರ ಮನೆಗಳಲ್ಲಿ ಈ ಪದಕ್ಕೆ ವಿಶೇಷ ಅರ್ಥವಿದೆ. ವಾರಕ್ಕೆ 2 ಅಥವಾ 3 ಬಾರಿ, ಪ್ರತಿಸಲ ಸುಮಾರು 4 ತಾಸು ಯಂತ್ರವು ರಕ್ತವನ್ನು ಶುದ್ಧಗೊಳಿಸುತ್ತದೆ. ಇದರ ಬಲದಿಂದ ಅನೇಕರು ವರ್ಷಗಟ್ಟಲೆ ಕಾಯಕ ದಾಸೋಹಗಳಲ್ಲಿ ತೊಡಗಿರುತ್ತಾರೆ. ಆದರೆ ಯಂತ್ರವು ಮೂತ್ರಪಿಂಡದ ಕೆಲಸವನ್ನು ಮಾಡೀತೇ ಹೊರತು ರೋಗವನ್ನು ಗುಣಪಡಿಸದು. ಹೃದಯ ಸೋತು, ರಕ್ತದೊತ್ತಡ ಕುಸಿದು, ಪ್ರಜ್ಞೆ ತಪ್ಪುವ ದಿನ ಬರಬಹುದು. ಉಸಿರಾಟದ ಯಂತ್ರ ಹಾಕಬೇಕೆ? ಡಯಾಲಿಸಿಸ್ ಮುಂದುವರಿಸಬೇಕೆ? ತೀವ್ರ ನಿಗಾ ಘಟಕದ ಬಾಗಿಲಲ್ಲಿ ವೈದ್ಯರು ಹೀಗೆ ಕೇಳಿದಾಗ ಮಗ ಬೇಕೆನ್ನುತ್ತಾನೆ, ಮಗಳು ಸಾಕೆನ್ನುತ್ತಾಳೆ. ತಾಯಿಯ ಮನಸ್ಸೇನೆಂದು ಮಾತ್ರ ಯಾರೂ ಎಂದೂ ಕೇಳಿರುವುದಿಲ್ಲ. ಯಾವ ನಿರ್ಧಾರ ಕೈಗೊಂಡರೂ ತಪ್ಪು ಮಾಡಿದೆವೇನೋ ಎಂಬ ಅಳುಕು ಆ ಮಕ್ಕಳನ್ನು ಜೀವಮಾನವಿಡೀ ಕಾಡುತ್ತದೆ.

ಇದಕ್ಕೆ ಕಾನೂನಿನಲ್ಲಿ ದಾರಿಯುಂಟು. ಘನತೆಯಿಂದ ಮರಣಿಸುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಸ್ವಸ್ಥ ಮನಸ್ಸಿನ ವಯಸ್ಕರು ಇಬ್ಬರು ಸಾಕ್ಷಿಗಳ ಸಮಕ್ಷಮ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಬರೆದು, ತಮ್ಮ ಪರವಾಗಿ ಮಾತನಾಡಬೇಕಾದವರನ್ನು ಹೆಸರಿಸಿ, ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಮನಸ್ಸು ಬದಲಾದರೆ ಹಿಂಪಡೆಯಲೂಬಹುದು. ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ, ವೈದ್ಯರ 2 ಮಂಡಳಿಗಳು ಒಪ್ಪಿದ ಬಳಿಕವೇ ಅದು ಜಾರಿಗೆ ಬರುತ್ತದೆ. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಇದರ ಅನುಷ್ಠಾನಕ್ಕೆ ಆದೇಶ ಹೊರಡಿಸಿತು.

ಇದು ಶಿವನಿತ್ತ ಪ್ರಾಣವನ್ನು ತಾನೇ ತೊರೆದಂತಲ್ಲವೆ ಎಂಬ ಶಂಕೆ ಸಹಜ. ಶರಣರು ದೇಹವನ್ನು ದೇವಾಲಯದಂತೆ ಗೌರವಿಸಿದರು, ಆದರೆ ಅದಕ್ಕೆ ಅಂಟಿಕೊಳ್ಳಲಿಲ್ಲ. ಜೀವವನ್ನು ಕಳೆಯುವುದು ಬೇರೆ, ಫಲವಿಲ್ಲದ ಯಂತ್ರದ ಹಿಂಸೆಯನ್ನು ಒಲ್ಲೆನೆನ್ನುವುದು ಬೇರೆ. ಡಯಾಲಿಸಿಸ್ ನಿಂತ ಬಳಿಕ ಸಾಮಾನ್ಯವಾಗಿ ಕೆಲವೇ ದಿನಗಳು ಉಳಿಯುತ್ತವೆ. ಆಗಲೂ ನೋವು, ಉಬ್ಬಸಗಳನ್ನು ತಗ್ಗಿಸುವ ಉಪಶಮನ ಚಿಕಿತ್ಸೆ ನಡೆಯಲೇಬೇಕು. ಕೊನೆಯವರೆಗೂ ಚಿಕಿತ್ಸೆ ಬೇಕೆನ್ನುವವರ ಮಾತಿಗೂ ಅಷ್ಟೇ ಬೆಲೆಯಿದೆ. ಹಣದ ಅಡಚಣೆಯಿಂದಲೋ, ಮನೆಯವರಿಗೆ ಹೊರೆಯಾದೆನೆಂಬ ಕೊರಗಿನಿಂದಲೋ ಹಿರಿಯರು ‘ಸಾಕು’ ಎನ್ನುವಂತಾದರೆ ಅದು ಅವರ ಇಚ್ಛೆಯಲ್ಲ, ಸುತ್ತಲಿನವರ ಲೋಪ. ಅಂಥ ಕಡೆ ಬೇಕಾದುದು ನಿರ್ದೇಶನಪತ್ರವಲ್ಲ, ದಾಸೋಹ.

ಆದುದರಿಂದ ಮನೆಯವರು ಮೊದಲು ಕುಳಿತು ಆಲಿಸಬೇಕು. ಕೊನೆಯ ದಿನಗಳು ಮನೆಯಲ್ಲಿ ಕಳೆಯಬೇಕೆ, ಆಸ್ಪತ್ರೆಯಲ್ಲೆ? ಪ್ರಜ್ಞೆ ತಪ್ಪಿದಾಗಲೂ ಇಷ್ಟಲಿಂಗ ಮೈಮೇಲೆಯೇ ಇರಬೇಕೆ? ಯಾರು ಬಳಿಯಲ್ಲಿದ್ದು ವಚನ ಹಾಡಬೇಕು? ಇವೂ ವೈದ್ಯರಿಗೆ ತಿಳಿದಿರಬೇಕಾದ ಸಂಗತಿಗಳೇ. ತನ್ನ ಇಚ್ಛೆಯನ್ನು ಅರಿವಿದ್ದಾಗಲೇ ತಿಳಿಸಿ ಮಕ್ಕಳನ್ನು ಸಂದಿಗ್ಧದಿಂದ ಪಾರುಮಾಡುವುದು ಹಿರಿಯರು ಮನೆಗೆ ಸಲ್ಲಿಸುವ ಕೊನೆಯ ದಾಸೋಹ. ಬಸವಣ್ಣನವರ ‘ಮುನ್ನ’ಕ್ಕೆ ಭಕ್ತರು ಓಗೊಡುವ ಬಗೆಗಳಲ್ಲಿ ಇದೂ ಒಂದು.