ಬೆಂಚು ಕದಲಿಸಿದ್ದಕ್ಕೆ ಬಂದ ಆಕ್ಷೇಪಗಳಿಗೆ ಉತ್ತರ

ಈ ಜೂನ್‌ನಲ್ಲಿ ಶಾಲೆ ಶುರುವಾದಾಗ ಆರನೇ ವರ್ಗದ ಬೆಂಚುಗಳ ಸಾಲು ಬಿಡಿಸಿದೆ. ನಮ್ಮದು ಬಸವಕಲ್ಯಾಣ, ಹುಮನಾಬಾದ್ ನಡುವಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಪಾಠ ಓದಿ ಚರ್ಚಿಸುವಾಗ ಮೂರು ಗೋಡೆಗುಂಟ ಬೆಂಚು. ಲೆಕ್ಕ ಬಿಡಿಸುವಾಗ ನಾಲ್ಕು ನಾಲ್ಕು ಮಕ್ಕಳು ಎದುರುಬದುರು. ಕತೆ ಪುಸ್ತಕ ಹಿಡಿದಾಗ ಬೇಕಾದವರಿಗೆ ಮುಂದುಗಡೆ ಜಮಖಾನೆ. ಪರೀಕ್ಷೆ ಬರೆಯುವಾಗ ಮತ್ತೆ ಸಾಲು. ಯಾವ ಜಾಗವೂ ಯಾರ ಹೆಸರಿನಲ್ಲೂ ಇಲ್ಲ. ಸೋಮವಾರ ಬಂತೆಂದರೆ ಎಲ್ಲರ ಜಾಗವೂ ಬದಲು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲೂ ಶಿಕ್ಷಕರ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲೂ ಇದಕ್ಕೆ ವಿರೋಧ ಬಂದಿದೆ. ವಿರೋಧಿಸಿದವರೂ ಮಕ್ಕಳ ಒಳಿತನ್ನೇ ಬಯಸುವವರು. ಹಾಗಾಗಿ ಅವರ ಮಾತಿಗೆ ಉತ್ತರ ಕೊಡುವುದು ನನ್ನ ಹೊಣೆ.

ಇದು ಸಿನಿಮಾ ನೋಡಿ ಹತ್ತಿದ ಹುಚ್ಚು ಎಂದರು. 2024ರಲ್ಲಿ ಬಂದ ಮಲಯಾಳಂನ ‘ಸ್ಥಾನಾರ್ಥಿ ಶ್ರೀಕುಟ್ಟನ್’ ಹಿಂದಿನ ಬೆಂಚಿನ ಹುಡುಗರ ಕತೆ. ಅದರಿಂದ ಪ್ರೇರಣೆ ಪಡೆದು ಕೇರಳದ ಕೆಲವು ಶಾಲೆಗಳು ಸಾಲು ಬಿಡಿಸಿದ್ದು ನಿಜ. ಆದರೆ ನಾವು ಅಷ್ಟು ದೂರ ಹೋಗಬೇಕಿಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳ ಪದ್ಧತಿಯಿಂದ ಕಲಿತು, ನಮ್ಮ ಶಿಕ್ಷಕರೇ ನಲಿ-ಕಲಿ ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಲ್ಲಿ ಮಗು ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲು ನೋಡಿಕೊಂಡು ಶಿಕ್ಷಕರ ನೆರವಿನ ಗುಂಪಿಗೋ ಸ್ವಕಲಿಕೆಯ ಗುಂಪಿಗೋ ಹೋಗಿ ಕೂಡುತ್ತದೆ. ಮೂರನೇ ವರ್ಗದವರೆಗೆ ಹೀಗೆ ಕಲಿತ ಮಗುವನ್ನು ನಾಲ್ಕಕ್ಕೆ ಬಂದ ದಿನವೇ ಸಾಲಿಗೆ ಹಚ್ಚುತ್ತೇವೆ. ಹೊಸ ಪದ್ಧತಿಗೆ ಕಾರಣ ಕೇಳುವವರು ಆ ದಿನದ ಬದಲಾವಣೆಗೂ ಕಾರಣ ಕೇಳಬೇಕಿತ್ತು.

ಶಿಸ್ತು ಕೆಡುತ್ತದೆ ಎಂಬ ಮಾತಿಗೆ ಬರುತ್ತೇನೆ. ಮಕ್ಕಳು ಮುಖಾಮುಖಿ ಕುಳಿತರೆ ಮಾತು ಹೆಚ್ಚಾಗುತ್ತದೆ ಎನ್ನುವುದು ನಿಜ. ಆಸನ ವ್ಯವಸ್ಥೆ ಕುರಿತ ಅಧ್ಯಯನಗಳನ್ನು 2008ರಲ್ಲಿ ಒಟ್ಟಿಗೆ ಪರಿಶೀಲಿಸಿದ ವನ್ನಾರ್ಕ ಮತ್ತು ರೂಲ್, ಒಬ್ಬೊಬ್ಬರೇ ಕೂತು ಮಾಡುವ ಕೆಲಸಕ್ಕೆ ಸಾಲೇ ಒಳ್ಳೆಯದೆಂದರು. ಕೂಡಿ ಮಾಡುವ ಕೆಲಸಕ್ಕೆ ಕೂಡಿ ಕೂಡುವುದು ಒಳ್ಳೆಯದೆಂದವರೂ ಅವರೇ. ಪರೀಕ್ಷೆ ಬಂದಾಗ ನಾನು ಸಾಲು ಮಾಡುವುದು ಇದಕ್ಕೇ. ಇಡೀ ದಿನ, ಇಡೀ ವರ್ಷ ಸಾಲೇ ಇರಲಿ ಎನ್ನುವುದಕ್ಕೆ ಮಾತ್ರ ನನ್ನ ತಕರಾರು. ಸಾಲಿನಲ್ಲಿ ಶಿಕ್ಷಕರ ಪ್ರಶ್ನೆಗಳು ಹೆಚ್ಚಾಗಿ ಬೀಳುವುದು ಮುಂದಿನವರಿಗೆ ಮತ್ತು ನಡುವಿನವರಿಗೆ. ಸಂಶೋಧಕರಾದ ಆಡಮ್ಸ್ ಮತ್ತು ಬಿಡಲ್ ಇದನ್ನು 1970ರಷ್ಟು ಹಿಂದೆಯೇ ತೋರಿಸಿದ್ದಾರೆ. ಹಿಂದಿನ ಮೂಲೆಯ ಮಗು ಗಲಾಟೆ ಮಾಡುವುದಿಲ್ಲ, ಹೌದು. ಅದು ಕಲಿಯುತ್ತಿದೆಯೇ ಎಂದು ಹೋಗಿ ನೋಡಿದವರಾರು?

ಹೀಗೆ ಕೂತರೆ ಕತ್ತು, ಕಣ್ಣಿಗೆ ತೊಂದರೆ ಎಂಬ ಆಕ್ಷೇಪ ಸರಿಯಾದದ್ದು. 2025ರ ಜುಲೈನಲ್ಲಿ ತಮಿಳುನಾಡಿನ ಶಿಕ್ಷಣ ಇಲಾಖೆ ಮಕ್ಕಳನ್ನು ತಮಿಳಿನ ‘ப’ ಅಕ್ಷರದ ಆಕಾರದಲ್ಲಿ, ಅಂದರೆ ಮೂರು ಬದಿಗೆ, ಕೂಡಿಸಿ ಎಂದು ಸೂಚಿಸಿದಾಗ ಇದೇ ಮಾತೆದ್ದು, ಆ ಸೂಚನೆಯನ್ನು ತಡೆಹಿಡಿಯಲಾಯಿತು. ಒಂದು ಬದಿಗೇ ಕತ್ತು ಹೊರಳಿಸಿ ದಿನಗಟ್ಟಲೆ ಕೂಡುವುದು ಕೆಟ್ಟದ್ದೇ. ನಮ್ಮಲ್ಲಿ ಹಲಗೆ ನೋಡಿ ಬರೆಯುವಾಗ ಬೆಂಚುಗಳು ಹಲಗೆಗೆ ಮುಖ ಮಾಡುತ್ತವೆ. ಕಣ್ಣು ಮಂಜಾದ ಮಗು ಯಾವ ಸೋಮವಾರವೂ ಹಿಂದೆ ಹೋಗುವುದಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ತಾಂಡಾದ ತಾಯಿಯೊಬ್ಬರ ಮಾತು. “ನಾವು ಜನ್ಮಪೂರ್ತಿ ನೆಲದ ಮ್ಯಾಲೇ ಕುಂತೀವ್ರಿ ಸರ್. ನಮ್ಮ ಪೋರಿ ಬೆಂಚಿನ ಮ್ಯಾಲ ಕೂಡ್ಲಿ.” ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಡೆಸ್ಕ್, ಸರ್ಕಾರಿ ಶಾಲೆಯಲ್ಲಿ ನೆಲ ಎಂಬ ಭೇದವನ್ನು ಉಂಡವರ ಮಾತಿದು. ಅವರ ಕೋಪ ನ್ಯಾಯದ್ದು. ಬಾಲಕ ಅಂಬೇಡ್ಕರರು ಶಾಲೆಗೆ ತಮ್ಮದೇ ಗೋಣಿತಟ್ಟು ಒಯ್ದು, ಅದರ ಮೇಲೆ ಬೇರೆಯಾಗಿ ಕೂಡಬೇಕಾಗಿತ್ತು. ಅಲ್ಲಿ ಅವಮಾನವಿದ್ದದ್ದು ಆ ಜಾಗವನ್ನು ಅವರೊಬ್ಬರಿಗೇ ಗೊತ್ತುಪಡಿಸಿದ್ದರಲ್ಲಿ, ಬೇರೆ ಯಾವ ಹುಡುಗನೂ ಅಲ್ಲಿ ಬಂದು ಕೂಡದಿದ್ದುದರಲ್ಲಿ. ಆದ್ದರಿಂದ ಜಮಖಾನೆಯ ಮೇಲೆ ಹೋಗಿ ಕೂಡು ಎಂದು ನಾನು ಯಾರಿಗೂ ಹೇಳುವುದಿಲ್ಲ. ಬೇಕಾದವರು ಬರುತ್ತಾರೆ, ನಾನೂ ಕೂಡುತ್ತೇನೆ. ಆ ತಾಯಿಯ ಮಗಳಿಗೆ ಬೆಂಚು ಬೇಕೆಂದರೆ ಬೆಂಚು ಅವಳದು.

ಆದರೆ ಅವರಿಗೆ ಇನ್ನೊಂದು ಮಾತನ್ನೂ ಹೇಳಿದೆ. ನಮ್ಮ ತಾಂಡಾಗಳಿಂದ ಅಪ್ಪ ಅವ್ವನ ಜೊತೆ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ಮಕ್ಕಳು ಶಾಲೆ ಶುರುವಾಗಿ ಎಷ್ಟೋ ದಿನಕ್ಕೆ ತಿರುಗಿ ಬರುತ್ತಾರೆ. ಅಷ್ಟರಲ್ಲಿ ಮುಂದಿನ ಬೆಂಚುಗಳೆಲ್ಲ ತುಂಬಿರುತ್ತವೆ. ತಡವಾಗಿ ಬಂದವರಿಗೆ ಉಳಿಯುವುದು ಕಟ್ಟಕಡೆಯ ಬೆಂಚು. ಅಲ್ಲಿ ಕೂತವರು ಮಾರ್ಚ್‌ವರೆಗೂ ಅಲ್ಲೇ. ಸಾಲಿನ ಪದ್ಧತಿಯಲ್ಲಿ ಯಾರ ಮಗು ಎಲ್ಲಿ ಕೂಡುತ್ತದೆಂದು ಒಮ್ಮೆ ಎಣಿಸಿ ನೋಡಿ. ಆ ತಾಯಿ ಯಾವುದಕ್ಕೆ ಅಂಜುತ್ತಾರೋ ಅದು ಬೆಂಚಿನ ಮೇಲೆ ಕೂತೇ ನಡೆಯುತ್ತಿದೆ.

ಗುಂಪಿನಲ್ಲಿ ಮಕ್ಕಳು ಮರಾಠಿ, ಉರ್ದು, ಲಂಬಾಣಿ ಮಾತಾಡುತ್ತಾರೆ, ಕನ್ನಡ ಹಿಂದೆ ಬೀಳುತ್ತದೆ ಎಂಬುದು ಸಹೋದ್ಯೋಗಿಗಳ ಆತಂಕ. ಮಹಾರಾಷ್ಟ್ರಕ್ಕೆ ಹತ್ತಿದ ತಾಲ್ಲೂಕಿನಲ್ಲಿ ಇದು ಸಣ್ಣ ಮಾತಲ್ಲ, ಕನ್ನಡದ ಬಗ್ಗೆ ನನಗೂ ಅಷ್ಟೇ ಕಾಳಜಿ ಇದೆ. ಆದರೆ ನಡೆದದ್ದು ಕೇಳಿ: ಶಾಲೆ ಶುರುವಾದಾಗ ಹಿಂದಿನ ವರ್ಗದ ಕಲಿಕೆ ಅಳೆಯುವ ಸೇತುಬಂಧದ ಪೂರ್ವ ಪರೀಕ್ಷೆಯಲ್ಲಿ 503ರಲ್ಲಿ 278 ಕಳೆಯಿರಿ ಎಂಬ ಲೆಕ್ಕಕ್ಕೆ ಮನೆಯಲ್ಲಿ ಮರಾಠಿ ಆಡುವ ಹುಡುಗಿಯೊಬ್ಬಳು 375 ಎಂದು ಬರೆದಿದ್ದಳು. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಸಣ್ಣದನ್ನು ಕಳೆದುಬಿಟ್ಟಿದ್ದಳು. ಹಲಗೆಯ ಮೇಲೆ ಬಿಡಿಸಿ ತೋರಿಸಿದಾಗ ತಲೆಯಾಡಿಸಿದಳೇ ಹೊರತು ತಿಳಿಯಲಿಲ್ಲ. ಎದುರಿಗೆ ಕೂತ ಗೆಳತಿ ಆಟದ ನೋಟು ತೆಗೆದು, ಒಂದು ನೂರನ್ನು ಹತ್ತರ ನೋಟುಗಳಾಗಿ, ಅದರಲ್ಲೊಂದು ಹತ್ತನ್ನು ಬಿಡಿ ರೂಪಾಯಿಗಳಾಗಿ ಮಾಡಿ ಮರಾಠಿಯಲ್ಲೇ ಹೇಳಿಕೊಟ್ಟಳು. ಆಮೇಲೆ ಹುಡುಗಿ ಹಲಗೆಗೆ ಬಂದು 225 ಬರೆದು ಇಡೀ ವರ್ಗಕ್ಕೆ ಕನ್ನಡದಲ್ಲಿ ಹೇಳಿದಳು: “ನೂರು ಚಿಲ್ರೆ ಮಾಡ್ಕೋಬೇಕ್ರಿ ಸರ್, ಆಮ್ಯಾಲ ಕಳೀಬೇಕು.” ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದರೆ ಆ ಕನ್ನಡ ವಾಕ್ಯ ಅವಳ ಬಾಯಿಂದ ಬರುತ್ತಿತ್ತೇ?

ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಕೆಳಗಿರುವಾಗ ಈ ಪ್ರಯೋಗವೇಕೆ ಎಂದೂ ಕೇಳಿದರು. ಆ ಪಟ್ಟಿಯಲ್ಲಿ ಕೆಳಗೆ ಬಿದ್ದದ್ದು ಸಾಲಿನಲ್ಲಿ ಕೂತೇ ಓದಿದ ಮಕ್ಕಳು. ಬೆಂಚು ಕದಲಿಸಿದರೆ ಫಲಿತಾಂಶ ಏರುತ್ತದೆಂದು ನಾನು ಹೇಳುವುದಿಲ್ಲ. ಖಾಲಿ ಶಿಕ್ಷಕ ಹುದ್ದೆ ತುಂಬದೆ ಅದು ಆಗದು. ಹಿಂದುಳಿದ ಮಗು ನನ್ನ ಕಣ್ಣಿಗೆ ಜೂನ್‌ನಲ್ಲೇ ಬೀಳುತ್ತದೆ, ಅಷ್ಟನ್ನು ಹೇಳಬಲ್ಲೆ.

ಕೊನೆಯದು ಕೋಣೆಯಲ್ಲಿ ಜಾಗ ಸಾಲದು ಎಂಬ ತಕರಾರು, ಇದರಲ್ಲಿ ಹೆಚ್ಚಿನ ಸತ್ಯವಿದೆ. ಶಿಕ್ಷಣ ಹಕ್ಕು ಕಾಯ್ದೆ ಹಿರಿಯ ಪ್ರಾಥಮಿಕಕ್ಕೆ 35 ಮಕ್ಕಳಿಗೊಬ್ಬ ಶಿಕ್ಷಕ ಎನ್ನುತ್ತದೆ. ಎರಡು ವರ್ಗ ಕೂಡಿಸಿದ ಕೋಣೆಯಲ್ಲಿ ಅದಕ್ಕಿಂತ ಹೆಚ್ಚಿನವರಿದ್ದರೆ ಗುಂಪು ಮಾಡುವುದು ಕಷ್ಟ. ಅದಕ್ಕಿಂತ ದೊಡ್ಡ ತೊಡಕು ಬೆಂಚಿನದೇ. ಸೀಟು, ಮೇಜು ಕೂಡಿಸಿ ಕಬ್ಬಿಣಕ್ಕೆ ಬೆಸುಗೆ ಹಾಕಿದ ಡೆಸ್ಕುಗಳನ್ನು ಆರನೇ ವರ್ಗದ ಮಕ್ಕಳು ಎತ್ತಲಾರರು. ಎಳೆದರೆ ಪರಸಿ ಕಲ್ಲಿನ ಮೇಲೆ ಕರಕರ ಸದ್ದು, ಪಕ್ಕದ ವರ್ಗಕ್ಕೆ ತೊಂದರೆ. ಸದ್ಯಕ್ಕೆ ಪ್ರಾರ್ಥನೆಗೆ ಮೊದಲು ದೊಡ್ಡ ಮಕ್ಕಳೊಂದಿಗೆ ನಾನೇ ಎತ್ತಿಡುತ್ತೇನೆ, ದಿನದ ನಡುವೆ ಒಮ್ಮೆ ಮಾತ್ರ ಬದಲಿಸುತ್ತೇವೆ. ಎಸ್‌ಡಿಎಂಸಿಗೂ ಶಾಸಕರಿಗೂ ನನ್ನ ಬೇಡಿಕೆ ಒಂದೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಾಗಲಿ, ದಾನಿಗಳಿಂದಾಗಲಿ ಮುಂದೆ ಪೀಠೋಪಕರಣ ಕೊಡುವಾಗ ಕುರ್ಚಿ ಬೇರೆ, ಮೇಜು ಬೇರೆ ಇರುವ, ಕಾಲಿಗೆ ರಬ್ಬರ್ ಹಾಕಿದ, ಹನ್ನೊಂದು ವರ್ಷದ ಮಗು ಒಂದೇ ಕೈಯಲ್ಲಿ ಸರಿಸಬಲ್ಲ ಹಗುರ ಡೆಸ್ಕು ಕೊಡಿಸಿ. ಟೆಂಡರ್ ಕರೆಯುವ ಮೊದಲು ಒಮ್ಮೆ ನಮ್ಮ ವರ್ಗಕ್ಕೆ ಬಂದು, ಮಕ್ಕಳ ಎತ್ತರದ ಅಳತೆ ತೆಗೆದುಕೊಂಡು ಹೋಗಿ.