ಬಚ್ಚಲ ಹಂಡೆಯೂ ಸೂರ್ಯನ ಶಾಖವೂ

ಹಿತ್ತಲ ಬಚ್ಚಲಿನ ಹಂಡೆಯೊಲೆಗೆ ಸೌದೆಯೊಡನೆ ಬೆರಣಿಯೂ ನಿತ್ಯ ಆಹುತಿಯಾಗುತ್ತಿರುವುದು ಶೋಚನೀಯವು. ಬೆರಣಿಯನ್ನು ಸುಟ್ಟರೆ ಭೂಮಿಗೆ ಸೇರತಕ್ಕ ಸಾರಜನಕವು ಹೊಗೆಯೊಡನೆ ಹೋಗಿಬಿಡುವುದು. 100 ಲೀಟರು ನೀರನ್ನು 25 ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಬಿಸಿಮಾಡಲು ಸುಮಾರು 3 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವು ಬೇಕು. ಮೋಡವಿಲ್ಲದ ದಿನ, ದಕ್ಷಿಣಕ್ಕೆ ಓರೆಯಾಗಿಟ್ಟ 2 ಚದರ ಮೀಟರಿನ, ಗಾಜು ಮುಚ್ಚಿದ ಕರಿಯ ಫಲಕವು ಇದನ್ನು ಒದಗಿಸಬಲ್ಲುದು. ನೀರಿನ ತೊಟ್ಟಿಯು ಫಲಕಕ್ಕಿಂತ ಎತ್ತರದಲ್ಲಿದ್ದರೆ ಕಾದ ನೀರು ತಾನೇ ಮೇಲೇರುವುದು, ಪಂಪು ಬೇಕಾಗದು. ರಾತ್ರಿ ಶಾಖವು ಆರದಂತೆ ತೊಟ್ಟಿಗೆ ದಪ್ಪ ಹೊದಿಕೆಯು ಅವಶ್ಯ.

ಮೊದಲ ಖರ್ಚು ಹೆಚ್ಚೆಂಬ ಆಕ್ಷೇಪಣೆಯು ಸುಳ್ಳಲ್ಲ. ಮಲೆನಾಡಿನ ಮಳೆಗಾಲದಲ್ಲಿ ಹಳೆಯ ಒಲೆಯನ್ನು ಬಿಡಲೂ ಆಗದು. ಆದರೂ ಉಳಿದ ತಿಂಗಳುಗಳಲ್ಲಿ ಬಿಸಿಲು ಅಂಗಳದಲ್ಲಿ ವ್ಯರ್ಥವಾಗುತ್ತಿರಲು, ಹೊಲದ ಗೊಬ್ಬರವನ್ನು ಒಲೆಗೆ ಹಾಕುವುದು ವಿವೇಕವೇ? ರೈತಬಾಂಧವರು ಆಲೋಚಿಸತಕ್ಕದ್ದು.